ಪೋಪರ ಬಾಯಲ್ಲಿ ನಾನಿಟ್ಟ ಮಾತು

ನಾನು ಓದಿದ್ದು ಎರಡನೆಯ ಇಯತ್ತೆ. ಅದೂ ಸಿಸ್ಟರುಗಳ ಬೋರ್ಡಿಂಗಿನಲ್ಲಿ, ಪಾತ್ರೆ ತಿಕ್ಕುವುದರ ನಡುವೆ. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವಾಗ ಒತ್ತಕ್ಷರಗಳು ಎಲ್ಲೆಲ್ಲೋ ಹೋಗುತ್ತವೆ. ಇದನ್ನು ಮೊಮ್ಮಗಳು ಚೊಕ್ಕ ಮಾಡಿ ಬರೆದಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಮೊದಲೇ ಹೇಳಿದ್ದೇನೆ. ನನ್ನನ್ನು ಒಳ್ಳೆಯವಳನ್ನಾಗಿ ತೋರಿಸುವ ಆಸೆ ಅವಳಿಗೆ.

ನಮ್ಮದು ಇಂಡಿ ತಾಲೂಕಿನ ಹಳ್ಳಿ. ನಿಂಬೆ ತೋಟದ ಊರು. ಊರಂಚಿಗೆ ನಮ್ಮ ಕೇರಿ, ಕೇರಿಯಲ್ಲಿ ಹನ್ನೊಂದು ಕಥೋಲಿಕ ಮನೆಗಳು, ತಗಡು ಹೊದಿಸಿದ ಒಂದು ಚರ್ಚು. ಫಾದರು ತಿಂಗಳಿಗೊಮ್ಮೆ ಸಿಂದಗಿ ದಾರಿಯಿಂದ ಮೋಟಾರ್ ಸೈಕಲ್ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಾರೆ. ಉಳಿದ ಭಾನುವಾರ ಜಪಸರ ಹಿಡಿದು ಪ್ರಾರ್ಥನೆ ನಡೆಸುವವಳು ನಾನಾಗಿದ್ದೆ. ಗಂಡ ಉಪದೇಶಿ. ಫಾದರ ಪರವಾಗಿ ಊರೂರು ತಿರುಗಿ ಧರ್ಮದ ಪಾಠ ಹೇಳುವ ಕೆಲಸ ಅವರದು. ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಹಾಗಾಗಿ ಕೇರಿಯನ್ನು ಆಳಿದವಳು ನಾನು.

ಆಳಲು ನನ್ನ ಕೈಯಲ್ಲಿ ಒಂದು ಕೋಲಿತ್ತು. ಪೋಪರಿಗೆ ನಮ್ಮಲ್ಲಿ ಜಗದ್ಗುರು ಅನ್ನುತ್ತೇವೆ. ಬೋರ್ಡಿಂಗಿನಲ್ಲಿ ಸಿಸ್ಟರು ಒಂದು ಸಾಲು ಕಲಿಸಿದ್ದರು: ಜಗದ್ಗುರುಗಳು ಬೋಧನೆಯಲ್ಲಿ ತಪ್ಪುವುದಿಲ್ಲ. ಆ ಪಾಠಕ್ಕೆ ಇನ್ನೂ ಸಾಲುಗಳಿದ್ದವು. ಅವನ್ನು ಕಲಿಯುವುದರೊಳಗೆ ಅಪ್ಪ ಬಂದು ನನ್ನನ್ನು ಕಬ್ಬು ಕಡಿಯಲು ಆಲಮೇಲದ ಕಡೆ ಕರೆದುಕೊಂಡು ಹೋದ. ನನಗೆ ಮೊದಲ ಸಾಲೇ ಸಾಕಾಯಿತು. ಮಾಂಸ ಬಿಡುವ ತಪಸ್ಸುಕಾಲದ ಶುಕ್ರವಾರ ಯಾರದಾದರೂ ಮನೆಯಿಂದ ಕೋಳಿಯ ವಾಸನೆ ಬಂದರೆ, ಜಗದ್ಗುರುಗಳು ಬೇಡ ಅಂದಿದ್ದಾರೆ. ಗಂಡಸರು ಭಾನುವಾರ ಕುಡಿದರೆ, ಜಗದ್ಗುರುಗಳು ಬೇಡ ಅಂದಿದ್ದಾರೆ. ಒಂದು ಮದುವೆಯಲ್ಲಿ ಡಿಜೆ ತರುತ್ತೇವೆ ಎಂದು ಹುಡುಗರು ಕುಣಿದಾಗ ಅದಕ್ಕೂ ಅದೇ ಮಾತು ಹೇಳಿದೆ.

“ದೊಡ್ಡವ್ವಾ, ನಮ್ಮೂರ ಡಿಜೆ ಪೋಪರಿಗೆ ಕೇಳಸ್ತೈತೇನ?” ಎಂದ ಮದುಮಗ.

“ಕೇಳಸ್ತೈತಿ. ಅದಕ್ಕ ಬ್ಯಾಡ ಅಂದಾರ.”

ಎಲ್ಲರೂ ನಕ್ಕರು, ಡಿಜೆ ಮಾತ್ರ ಬರಲಿಲ್ಲ. ಇಂಥವುಗಳ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆಯಾಗುವ ಸಂಗತಿ ಬೇರೆ. ಅದು ನನ್ನ ನೆಗೆಣ್ಣಿಯ ಕೂಸಿನದು.

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ನನಗಿಂತ ಹತ್ತು ವರ್ಷ ಸಣ್ಣವಳು, ಗೋಡೆಗೆ ಗೋಡೆ ಹಚ್ಚಿದ ಮನೆ. ಅವಳ ಮೊದಲ ಹೆರಿಗೆ ಮನೆಯಲ್ಲೇ ಆಯಿತು. ಸೂಲಗಿತ್ತಿ ಇದ್ದಳು, ನಾನಿದ್ದೆ. ಹೆಣ್ಣು ಕೂಸು. ಮೈ ನೀಲಿ ತಿರುಗಿತ್ತು. ಸೂಲಗಿತ್ತಿ ತಲೆಕೆಳಗೆ ಹಿಡಿದು ಬೆನ್ನಿಗೆ ತಟ್ಟಿದಳು. ಕೂಸು ಒಮ್ಮೆ ಕ್ಷೀಣವಾಗಿ ಅತ್ತಿತು, ಆಮೇಲೆ ಉಸಿರು ಮಾತ್ರ. ಎರಡು ರೊಟ್ಟಿ ಬೇಯುವಷ್ಟು ಹೊತ್ತು ಆ ಉಸಿರು ಇತ್ತು. ನಂತರ ಇರಲಿಲ್ಲ. ನೆಗೆಣ್ಣಿಗೆ ಎಚ್ಚರವಿರಲಿಲ್ಲ.

ನನ್ನ ಮೊಣಕಾಲ ಹತ್ತಿರ ನೀರಿನ ತಂಬಿಗೆ ಇತ್ತು. ಕೂಸನ್ನು ಧರ್ಮಕ್ಕೆ ಸೇರಿಸುವುದು ಜ್ಞಾನಸ್ನಾನ; ಸಾಯುವ ಕೂಸಿಗೆ ಅದನ್ನು ಫಾದರೇ ಬಂದು ಕೊಡಬೇಕೆಂದಿಲ್ಲ. ಯಾರಾದರೂ ತಲೆಯ ಮೇಲೆ ನೀರು ಹಾಕಿ, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದರೆ ಆಯಿತು. ಸಿಸ್ಟರು ಇದನ್ನು ನನಗೆ ಗೊಂಬೆಯ ಮೇಲೆ ಮಾಡಿಸಿ ಕಲಿಸಿದ್ದರು. ಆ ಹೊತ್ತು ಕೇರಿಯಲ್ಲಿದ್ದವರಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ. ತಂಬಿಗೆಗೆ ಕೈ ಹಚ್ಚಿದೆ, ಎತ್ತಲಿಲ್ಲ. ನೀರು ಹಾಕಿದರೆ ಕೂಸು ಸಾಯುತ್ತದೆಂದು ನಾನೇ ಸಾರಿದ ಹಾಗೆ ಆಗುತ್ತದೆ ಅನ್ನಿಸಿತು. ಮಾತು ಹಿಂದುಮುಂದಾದರೆ ಸೂಲಗಿತ್ತಿ ಊರೆಲ್ಲ ಹೇಳಿಯಾಳು ಅನ್ನಿಸಿತು. ಇದೆಲ್ಲ ಈಗ ಜೋಡಿಸಿ ಹೇಳುವುದು. ಆಗ ಆದದ್ದು ಇಷ್ಟೇ: ಹೆದರಿದೆ.

ಮಧ್ಯಾಹ್ನ ಗಂಡಸರು ಬಂದು ಬಾಗಿಲಲ್ಲಿ ನಿಂತರು. ನನ್ನ ಗಂಡ ಬಸವನ ಬಾಗೇವಾಡಿಯ ಕಡೆ ಹೋಗಿದ್ದರು, ಫಾದರಿಗೆ ಹೇಳಿ ಕಳಿಸಿದರೂ ಅಂದು ಬರುವಂತಿರಲಿಲ್ಲ. ಮೈದುನ ಕೇಳಿದ:

“ಅತ್ತಿಗಿ, ಎಲ್ಲಿ ಇಡೂನು? ಅವ್ವನ ಬಾಜೂಕ ಇಡೂನೇನು?”

ಚರ್ಚಿನ ಮಸಣದಲ್ಲಿ ಇಟ್ಟರೆ ಫಾದರು ಮುಂದಿನ ಸಲ ಬಂದು ಕೇಳುತ್ತಾರೆ: ಜ್ಞಾನಸ್ನಾನ ಆಗಿತ್ತೇ, ಯಾರು ಕೊಟ್ಟರು, ಯಾಕೆ ಕೊಡಲಿಲ್ಲ. ಹೊರಗೆಲ್ಲಾದರೂ ಇಟ್ಟರೆ ಕೇಳುವವರಿಲ್ಲ. ಮುದಿ ಸಿಸ್ಟರೊಬ್ಬರು ಹಿಂದೆ ಅಂದದ್ದು ನೆನಪಾಯಿತು. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ, ನಡುವೆ ಎಲ್ಲೋ ಇರುತ್ತವೆ ಎಂದಿದ್ದರು. ಆ ಮಾತಿಗೆ ನಾನೊಂದು ಬಾಲ ಕಟ್ಟಿದೆ.

“ಮಸಣದಾಗ ಬ್ಯಾಡ. ಬದುವಿನ ಮ್ಯಾಲ ಇಡ್ರಿ. ಸ್ನಾನ ಇಲ್ಲದ ಕೂಸಿಗೆ ಸ್ವರ್ಗ ಇಲ್ಲ, ಪವಿತ್ರ ಮಣ್ಣೂ ಇಲ್ಲ. ಜಗದ್ಗುರುಗೋಳ ಕಟ್ಟಳಿ ಐತಿ. ಅವ್ರ ಮಾತು ತಪ್ಪಂಗಿಲ್ಲ.”

ಮೈದುನ ಸಲಿಕೆ ತೆಗೆದುಕೊಂಡ. ನಿಂಬೆ ಗಿಡಗಳ ಬದುವಿನಲ್ಲಿ ಹೂತರು. ಕೂಸಿಗೆ ಹೆಸರೂ ಇಡಲಿಲ್ಲ, ಹೆಸರು ಇಡುವುದು ಜ್ಞಾನಸ್ನಾನದ ದಿನ. ಗಂಡ ಊರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅವರಿಗೂ ಪೂರ್ತಿ ಹೇಳಲಿಲ್ಲ. ನೆಗೆಣ್ಣಿಗೆ ಮೂರನೆಯ ದಿನ ನಾನೇ ಹೇಳಿದೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. “ಜಗದ್ಗುರುಗೋಳು ಹಂಗಂದಾರೇನ ಯಕ್ಕಾ?” ಎಂದು ಒಮ್ಮೆ ಕೇಳಿದಳು. ಹೌದು ಅಂದೆ. ಮತ್ತೆ ಕೇಳಲಿಲ್ಲ.

ಆಮೇಲೆ ಅವಳಿಗೆ ಎರಡು ಮಕ್ಕಳಾದವು, ಆಸ್ಪತ್ರೆಯಲ್ಲಿ. ಬೆಳೆದರು, ಮದುವೆಯಾದರು. ಮೈದುನ ತೀರಿಕೊಂಡ, ನನ್ನ ಗಂಡನೂ ಹೋದರು. ಪ್ರತಿ ವರ್ಷ ನವೆಂಬರಿನಲ್ಲಿ ನಮಗೆ ಸತ್ತವರ ದಿನ. ಗೋರಿ ತೊಳೆದು, ಸುಣ್ಣ ಹಚ್ಚಿ, ಒಬ್ಬೊಬ್ಬರಿಗೆ ಒಂದೊಂದು ಮೇಣಬತ್ತಿ ಹಚ್ಚುತ್ತೇವೆ. ನೆಗೆಣ್ಣಿ ಅತ್ತೆಗೆ, ಮಾವನಿಗೆ, ಗಂಡನಿಗೆ ಮೂರು ಹಚ್ಚುತ್ತಾಳೆ. ಬರುವಾಗ ನಾಲ್ಕು ತಂದಿರುತ್ತಾಳೆ. ನಾಲ್ಕನೆಯದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹಾಗೇ ಮನೆಗೆ ಒಯ್ಯುತ್ತಾಳೆ. ನಾನು ಪ್ರತಿ ವರ್ಷ ನೋಡಿದ್ದೇನೆ. ಪ್ರತಿ ವರ್ಷ ಬೇರೆ ಕಡೆ ತಿರುಗಿದ್ದೇನೆ.

ಮೊನ್ನೆ ಬೇಸಿಗೆಯಲ್ಲಿ ಪೋಪರು ತೀರಿಕೊಂಡರು. ಟಿವಿಯಲ್ಲಿ ತೋರಿಸಿದರು. ಓಣಿಯ ಮುಸಲ್ಮಾನ ಮುದುಕಿ ಬಾಗಿಲಿಗೆ ಬಂದು, “ನಿಮ್ಮ ಹಿರ್ಯಾರು ಹ್ವಾದ್ರಂತಲ್ಲ, ಸಾದಾ ಪೆಟ್ಟಿಗ್ಯಾಗ ಮಲಗ್ಯಾರ ನೋಡು ಪಾಪ” ಎಂದು ಮಾತಾಡಿಸಿ ಹೋದಳು. ಆ ತಿಂಗಳು ಫಾದರು ಬಂದು ಅವರ ಆತ್ಮಕ್ಕೆ ಪೂಜೆ ಮಾಡಿದರು. ಈಗಿನ ಫಾದರು ಮುದ್ದೇಬಿಹಾಳದ ಕಡೆಯವರು, ನನ್ನ ಮಗನಿಗಿಂತ ಸಣ್ಣವರು. ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆವು. ಎಂದೂ ಬಾಯಿ ಬಿಡದ ನೆಗೆಣ್ಣಿ ಕೇಳಿದಳು:

“ಫಾದರ್, ಜಗದ್ಗುರುಗೋಳು ತಪ್ಪಂಗಿಲ್ಲ ಅಂತಾರಲ್ರಿ, ಅದು ಖರೇ ಏನ್ರಿ?”

“ಅರ್ಧಾ ಖರೇ ಯವ್ವಾ,” ಎಂದರು ಫಾದರು. “ಅವ್ರು ಆಡಿದ್ದೆಲ್ಲಾ ಅಲ್ಲ. ಅವ್ರೂ ಮನಷ್ಯಾರ. ಅವ್ರೂ ಮೊಣಕಾಲೂರಿ ಪಾಪನಿವೇದನೆ ಮಾಡ್ತಾರ. ಪೀಠದ ಮ್ಯಾಲ ಕುಂತು, ವಿಶ್ವಾಸದ್ದೋ ನಡತೀದೋ ಒಂದು ಮಾತು ಹಿಡದು, ಇದು ಇಡೀ ಧರ್ಮಸಭೆಗೆ ಕಟ್ಟಳಿ ಅಂತ ಸಾರಿದ್ರ, ಅದಷ್ಟು ತಪ್ಪಂಗಿಲ್ಲ. ಅಂಥಾ ಮಾತು ಬಾಳ ಅಪರೂಪ. ಎಷ್ಟೋ ಪೋಪರು ಅಂಥಾದ್ದು ಒಂದೂ ಹೇಳದ ಹೋಗ್ಯಾರ.”

ಇದೇ ಆ ಪಾಠದ ಉಳಿದ ಸಾಲು. ನನಗೆ ಎಪ್ಪತ್ತು ದಾಟಿದ ಮೇಲೆ ಬಂತು.

ಫಾದರು ಮುಂದುವರಿಸಿದರು. ಮೊದಲನೆಯ ಪೋಪರು ಅಂದರೆ ಶಿಲುಬೆ ಏರಿದ ನಮ್ಮ ಸ್ವಾಮಿಯ ಶಿಷ್ಯ, ಮೀನು ಹಿಡಿಯುವವರು. ಸ್ವಾಮಿ ಸ್ವರ್ಗದ ಬೀಗದ ಕೈ ಕೊಟ್ಟಿದ್ದು ಅವರಿಗೇ. ಅವರು ಬೇರೆ ಕುಲದಿಂದ ಬಂದ ವಿಶ್ವಾಸಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರಂತೆ. ಒಂದು ದಿನ ತಮ್ಮ ಕುಲದ ಕೆಲವರು ಊರಿಗೆ ಬಂದರು. ಅವರಿಗೆ ಹೆದರಿ ಇವರು ಮೆಲ್ಲಗೆ ಪಂಕ್ತಿಯಿಂದ ದೂರವಾದರು. ಆಗ ತಡವಾಗಿ ಬಂದು ಸೇರಿದ್ದ ಇನ್ನೊಬ್ಬ ಶಿಷ್ಯ ಎಲ್ಲರ ಮುಂದೆ, ಮುಖದ ಮೇಲೆ, ನೀನು ಮಾಡಿದ್ದು ತಪ್ಪು ಎಂದರಂತೆ.

ಈ ಕಥೆಯನ್ನು ನಮ್ಮ ಕೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಉಂಡು, ತಮ್ಮವರು ಕಂಡೊಡನೆ ಕೈ ಒರೆಸಿಕೊಂಡು ಎದ್ದವರನ್ನು ನಾವು ಕಂಡಿದ್ದೇವೆ. ಬೀಗದ ಕೈ ಹಿಡಿದವರೂ ಹೆದರಿದ್ದರಂತೆ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರಿಗೆ ಮುಖದ ಮೇಲೆ ಹೇಳುವವರಿದ್ದರು. ನನಗೆ ಯಾರೂ ಹೇಳದ ಹಾಗೆ ನಾನೇ ನೋಡಿಕೊಂಡಿದ್ದೆ.

ನೆಗೆಣ್ಣಿ ತಲೆ ಆಡಿಸಿ, ಕಪ್ಪು ತೊಳೆದಿಟ್ಟು ಹೋದಳು. ಕೂಸಿನ ಮಾತು ಎತ್ತಲಿಲ್ಲ. ಇವತ್ತು ಬಾಗಿಲು ತಟ್ಟಿ ನೋಡಿದ್ದಾಳೆ, ಮುಂದಿನ ತಿಂಗಳು ಒಳಗೆ ಬರುತ್ತಾಳೆ ಎಂದು ನನಗೆ ತಿಳಿಯಿತು. ಅವಳಿಗೆ ಫಾದರಿಂದ ಗೊತ್ತಾಗುವ ಮೊದಲು ನಾನು ಹೇಳಬೇಕಿತ್ತು. ಒಳ್ಳೆಯತನದಿಂದ ಹೊರಟೆ ಅಂದರೆ ಸುಳ್ಳಾಗುತ್ತದೆ. ಸಿಕ್ಕಿಬೀಳುವ ಹೆದರಿಕೆ ಅರ್ಧ ಇತ್ತು.

ಮೋಟಾರ್ ಸೈಕಲ್ ಹತ್ತುತ್ತಿದ್ದ ಫಾದರನ್ನು ನಿಲ್ಲಿಸಿ, ಪಾಪನಿವೇದನೆ ಮಾಡಬೇಕು ಅಂದೆ. ಅಲ್ಲೇ ಬೇವಿನ ನೆರಳಲ್ಲಿ ಕಲ್ಲಿನ ಮೇಲೆ ಕೂತರು. ತಂಬಿಗೆಯಿಂದ ಹಿಡಿದು ಬದುವಿನವರೆಗೆ ಹೇಳಿದೆ. ಕೊನೆಗೆ ಕೇಳಿದೆ: “ಹಂಗ ಯಾವ ಪೋಪರೂ ಅಂದಿಲ್ಲೇನ್ರಿ?”

“ಕಟ್ಟಳಿ ಅಂತ ಯಾರೂ ಮಾಡಿಲ್ಲ. ಹಿಂದಿನ ಪಂಡಿತರ ಅಂದಾಜು ಅದು. ಅಂಥಾ ಕೂಸುಗಳನ್ನ ದೇವರ ದಯಾಕ್ಕ ಒಪ್ಪಸ್ರಿ, ಭರವಸೆ ಇಡ್ರಿ ಅಂತ ಈಗ ಧರ್ಮಸಭೆ ಹೇಳತೈತಿ.” ಆಮೇಲೆ, “ಈ ಊರಿಗೆ ನೀವ ಪೋಪರಾಗಿದ್ರಿ ನೋಡ್ರಿ ಯವ್ವಾ” ಅಂದರು. ನಗಲಿಲ್ಲ.

ಎಷ್ಟು ಜಪಸರ ಹೇಳಬೇಕು ಎಂದು ಕೇಳಿದೆ.

“ಜಪಸರ ನಿಮಗ ಬಾಯಿಪಾಠ ಐತಿ, ಕಷ್ಟ ಆಗಂಗಿಲ್ಲ. ಹೋಗಿ ಆಕೀಗೆ ಹೇಳ್ರಿ. ಅದ ನಿಮ್ಮ ಪ್ರಾಯಶ್ಚಿತ್ತ.”

ಮರುದಿನ ಬೆಳಿಗ್ಗೆ ತೋಟದ ಛಪ್ಪರದ ಕೆಳಗೆ ನಾವಿಬ್ಬರೂ ನಿಂಬೆಕಾಯಿ ಆರಿಸುತ್ತಿದ್ದೆವು. ದಪ್ಪನೆಯವು ಒಂದು ಚೀಲಕ್ಕೆ, ಸಣ್ಣವು ಒಂದಕ್ಕೆ, ಕಲೆ ಬಿದ್ದವು ಬುಟ್ಟಿಗೆ. ಕೈ ನಿಲ್ಲಿಸದೆ ಹೇಳಿದೆ.

“ತಂಗಿ, ಕೂಸಿನ ಮಾತು ಜಗದ್ಗುರುಗೋಳು ಹೇಳಿದ್ದಲ್ಲ. ನಾ ಹೇಳಿದ್ದು.”

ಅವಳ ಕೈ ನಿಂತಿತು. ಮೇಲೆ ನೋಡಲಿಲ್ಲ.

“ಇನ್ನೊಂದೈತಿ. ಕೂಸಿನ ಉಸರು ಇತ್ತು. ತಂಬಿಗಿ ನನ್ನ ಬಾಜೂಕ ಇತ್ತು. ನಾ ನೀರು ಹಾಕಿದ್ರ ಸಾಕಿತ್ತು. ಹಾಕಲಿಲ್ಲ. ಅದು ಯಾರಿಗೂ ಗೊತ್ತಾಗಬಾರದಂತ ಪೋಪರ ಹೆಸರು ಹೇಳಿದೆ.”

ಅವಳು ಕೈಯಲ್ಲಿದ್ದ ಕಾಯಿಯನ್ನು ಸುಮ್ಮನೆ ತಿರುಗಿಸುತ್ತ ಕುಳಿತಳು. ಅಳಬಹುದು ಅಂದುಕೊಂಡೆ. ಅಳಲಿಲ್ಲ.

“ಎಷ್ಟು ವರ್ಷ ಆತು?” ಅಂದಳು.

“ಮೂವತ್ತೆಂಟು.”

“ನೀ ಹೇಳಿದ್ದಂತ ಆವತ್ತ ಗೊತ್ತಿದ್ರ ನಿನ್ನ ತುರುಬು ಹಿಡದು ಕೇರಿ ತುಂಬ ಎಳದಾಡತಿದ್ದೆ. ಕೂಸಿನ್ನ ನಾನ ಎತಗೊಂಡು ಹೋಗಿ ನಮ್ಮತ್ತಿ ಬಾಜೂಕ ಇಡತಿದ್ದೆ. ಪೋಪರ ಕೂಡ ಹ್ಯಾಂಗ ಜಗಳಾ ತಗೀಲಿ ನಾನು? ಅವ್ರ ಊರು ಯಾವುದಂತ ಸೈತ ಗೊತ್ತಿರಲಿಲ್ಲ ನನಗ.”

“ಈಗ ಹಿಡಿ ತುರುಬು,” ಅಂದೆ.

“ಈಗೇನೈತಿ ಅಲ್ಲಿ, ನಾಕು ಕೂದಲಾ,” ಎಂದು ಎದ್ದು, ತನ್ನ ಚೀಲ ಎಳೆದುಕೊಂಡು ಛಪ್ಪರದ ಇನ್ನೊಂದು ತುದಿಗೆ ಹೋಗಿ ಕೂತಳು. ಸಂಜೆಯವರೆಗೆ ಅಲ್ಲೇ ಕಾಯಿ ಆರಿಸಿದಳು. ಅಂದಿನಿಂದ ಇಂದಿನವರೆಗೆ ನನ್ನ ಮನೆಯ ಚಹಾ ಕುಡಿದಿಲ್ಲ. ಮಾತಾಡುತ್ತಾಳೆ, ನೀರು ಬಂದಿದೆ, ಬಸ್ಸು ಹೋಯಿತು, ಅಷ್ಟು. ಯಕ್ಕಾ ಅನ್ನುವುದನ್ನು ಬಿಟ್ಟಿದ್ದಾಳೆ.

ಮುಂದಿನ ಭಾನುವಾರ ನಾನು ಕೇರಿಯ ಎಲ್ಲರ ಮುಂದೆ ಇಷ್ಟು ಹೇಳಿದೆ: ಇಲ್ಲಿಯವರೆಗೆ ಜಗದ್ಗುರುಗಳ ಹೆಸರಲ್ಲಿ ನಾನು ಹೇಳಿದ್ದರಲ್ಲಿ ಬಹಳಷ್ಟು ನನ್ನ ಸ್ವಂತದ್ದು, ಕೂಸಿನ ಕಟ್ಟಳೆಯೂ ನನ್ನದೇ. ಹಿಂದಿನಿಂದ ಒಬ್ಬ, “ಹಂಗಾದ್ರ ನನ್ನ ಮದುವಿ ಡಿಜೆ?” ಎಂದ. ಯಾರೂ ನಗಲಿಲ್ಲ. ಜಪಸರವನ್ನು ನೆಗೆಣ್ಣಿಯ ಕೈಗೆ ಕೊಟ್ಟೆ. ಬೇಡ ಅನ್ನಲಿಲ್ಲ, ತೆಗೆದುಕೊಂಡಳು. ಅವಳ ಪ್ರಾರ್ಥನೆ ಮೆಲ್ಲಗೆ, ಅಲ್ಲಲ್ಲಿ ತಪ್ಪುತ್ತಾಳೆ. ನಾನು ತಿದ್ದುವುದಿಲ್ಲ. ನಾಲಗೆ ಕಚ್ಚಿಕೊಂಡು ಕೂರುತ್ತೇನೆ.

ಈ ಸಲ ಸತ್ತವರ ದಿನ ಫಾದರು ಬಂದಿದ್ದರು. ಮಸಣದ ಪ್ರಾರ್ಥನೆ ಮುಗಿಯಿತು, ನೆಗೆಣ್ಣಿ ಮೂರು ಬತ್ತಿ ಹಚ್ಚಿದಳು. ಆಮೇಲೆ ಫಾದರನ್ನು ಕರೆದುಕೊಂಡು ಬದುವಿಗೆ ಹೋದಳು. ನನ್ನನ್ನು ಕರೆಯಲಿಲ್ಲ. ನಾನು ನಿಂಬೆ ಗಿಡಗಳ ಈಚೆ ನಿಂತೆ. ಅಲ್ಲಿ ಗುರುತಿಗೆ ಒಂದು ಕಲ್ಲೂ ಇಲ್ಲ, ಆದರೂ ಜಾಗ ಹುಡುಕಲಿಲ್ಲ ಅವಳು, ನೇರ ಹೋಗಿ ಕೂತಳು. ಅವಳು ಅಲ್ಲಿಗೆ ಎಷ್ಟು ಸಲ ಬಂದು ಹೋಗಿದ್ದಾಳೋ, ಗೋಡೆಯಾಚೆಯ ಮನೆಯ ನನಗೆ ಗೊತ್ತಿಲ್ಲ. ಫಾದರು ಮಣ್ಣಿನ ಮೇಲೆ ಪವಿತ್ರ ನೀರು ಚಿಮುಕಿಸಿದರು. ಏನೋ ಕೇಳಿದರು. ಅವಳು ಅವರ ಕಿವಿಯ ಹತ್ತಿರ ಬಾಗಿ ಒಂದು ಹೆಸರು ಹೇಳಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ನಾಲ್ಕನೆಯ ಬತ್ತಿ ಹಚ್ಚಿದಳು.

ಹೆಸರೇನೆಂದು ನನಗೆ ಹೇಳಿಲ್ಲ. ನಾನು ಕೇಳಿಲ್ಲ, ಕೇಳುವ ಬಾಯಿ ನನಗಿಲ್ಲ. ಭಾನುವಾರ ಪ್ರಾರ್ಥನೆಯ ಕೊನೆಗೆ ಕೇರಿಯಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾಳೆ. ನನ್ನ ಗಂಡನ ಹೆಸರು ಗಟ್ಟಿಯಾಗಿ ಓದುತ್ತಾಳೆ, ಮೈದುನನದೂ ಓದುತ್ತಾಳೆ. ಎಲ್ಲ ಮುಗಿದ ಮೇಲೆ ಒಂದು ಗಳಿಗೆ ದನಿ ಇಲ್ಲ, ಬರೀ ತುಟಿ ಅಲುಗುತ್ತದೆ. ಕೇರಿಯವರು ಕಾಯುತ್ತಾರೆ. ಆಮೇಲೆ ಎಲ್ಲರೂ ಆಮೆನ್ ಅನ್ನುತ್ತಾರೆ. ಕೇಳಿಸದ ಆ ಹೆಸರಿಗೆ ನಾನೂ ಅನ್ನುತ್ತೇನೆ.