ಹಿಡಿದಿದ್ದೆ ಎಂದ ಕೈ

೨೦೧೨ರ ಒಂದು ಸಂಜೆ, ಐದು ನಲವತ್ತು. ವೈಟ್‌ಫೀಲ್ಡಿನ ಜಿಮ್ನಾಸ್ಟಿಕ್ಸ್ ಕೇಂದ್ರವೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಹನ್ನೊಂದು ವರ್ಷದ ಸಹನಾ ಬೀಮ್ ಹತ್ತಿ ನಿಂತವಳು ಅಲುಗಲೇ ಇಲ್ಲ. ಬೀಮ್ ಎಂದರೆ ಅಂಗೈಯಗಲದ, ಎದೆಯೆತ್ತರದ ತೊಲೆ. ಅದರ ಮೇಲೆ ಹಿಂದಕ್ಕೆ ಲಾಗ ಹಾಕುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಅಂದು ಮಾತ್ರ ಕೆಳಗಿಳಿದು, “ಕಾಲು ನೋಯ್ತಿದೆ ಅಕ್ಕ” ಎಂದಳು.

ಕಾಲಲ್ಲಿ ಊತವಿರಲಿಲ್ಲ. ಕೇಳಿದಾಗಲೆಲ್ಲ ನೋವಿನ ಜಾಗ ಬದಲಾಗುತ್ತಿತ್ತು.

“ನಾಟಕ ಮೇಡಂ. ಸ್ಟೇಟ್ ಮೀಟ್ ಹತ್ರ ಬಂದ್ರೆ ಎಲ್ರಿಗೂ ಕಾಲು ನೋಯತ್ತೆ” ಎಂದು ಕೋಚ್ ದಿನೇಶ್ ನಕ್ಕರು.

ಆ ನಗು ನನಗೆ ಹಿಡಿಸಲಿಲ್ಲ. ಹೊಡೆಯುತ್ತಾರೇನೋ ಎಂದು ಅವಳ ತೋಳು, ಬೆನ್ನು ನೋಡಿದೆ. ಏನೂ ಇರಲಿಲ್ಲ. ಮನೆಯಲ್ಲಿ ಒತ್ತಡವೇ ಎಂದು ತಾಯಿಯನ್ನು ಕೆದಕಿದೆ.

“ನಾವೇನೂ ಅನ್ನಲ್ಲ ಮೇಡಂ. ರಾತ್ರಿ ಮೂರ್ ಮೂರ್ ಸಲ ಎದ್ದು ‘ಇಡ್ಕಳಿ, ಇಡ್ಕಳಿ’ ಅಂತ ಕಿರುಚ್ತಾಳೆ. ಅಲ್ಲಿ ಏನ್ ನಡೀತೈತೆ, ನೀವೇ ಹೇಳಿ” ಎಂದು ಆಕೆ ನನ್ನನ್ನೇ ಅನುಮಾನದಿಂದ ನೋಡಿದರು.

ಮರುದಿನದಿಂದ ನಾನು ಅಭ್ಯಾಸದ ಹೊತ್ತಿನಲ್ಲಿ ಬೀಮಿನ ಪಕ್ಕದಲ್ಲೇ ಕುಳಿತೆ. ಲಾಗ ಹಾಕುವಾಗ ಕೋಚ್ ಮಗುವಿನ ಸೊಂಟಕ್ಕೆ ಕೈ ಆನಿಸಿರಬೇಕು. ಇದಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ದಿನೇಶ್ ಒತ್ತಾಯಕ್ಕೆ ಸಹನಾ ಮತ್ತೆ ಬೀಮ್ ಹತ್ತಿ ಹಿಂದಕ್ಕೆ ಬಾಗಿದಳು. ದಿನೇಶ್ ಸದ್ದಿಲ್ಲದೆ ಕೈ ತೆಗೆದರು. ಆ ಕೈ ಎಲ್ಲಿ ಎಂದು ಹುಡುಕುವಂತೆ ಅವಳು ಗಾಳಿಯಲ್ಲೇ ಹೊರಳಿದಳು. ತಲೆ ತೊಲೆಗೆ ಸವರಿಕೊಂಡು ಹೋಯಿತು. ಭುಜ ಊರಿ ಮ್ಯಾಟ್ ಮೇಲೆ ಬಿದ್ದಳು. ಒಂದಂಗುಲ ಈಚೆಗಿದ್ದರೆ ಕುತ್ತಿಗೆಯೇ ಮುರಿಯುತ್ತಿತ್ತು. ಆ ಸದ್ದು ಈಗಲೂ ನನಗೆ ಕೇಳಿಸುತ್ತದೆ.

ಬಿದ್ದಲ್ಲಿಂದಲೇ ಅವಳು ಕೇಳಿದಳು: “ಸಾರ್, ಹಿಡ್ಕೊಂಡಿದ್ರಾ?”

“ಹೂಂ ಪುಟ್ಟಾ, ಹಿಡ್ದೇ ಇದ್ದೆ.”

“ಇಲ್ಲ, ಬಿಟ್ಟಿದ್ರು” ಎಂದೆ ನಾನು.

ದಿನೇಶ್ ಮುಖ ಕಪ್ಪಿಟ್ಟಿತು. “ಹೇಳಿ ಕೈ ತೆಗೆದ್ರೆ ಹೆದರ್ಕೋತಾರೆ ಮೇಡಂ. ನಮಗೂ ಹಿಂಗೇ ಕಲಿಸಿದ್ದು.”

ಸಹನಾ ಅಳಲಿಲ್ಲ. “ನಂಗೆ ಗೊತ್ತಾಗ್ತಿತ್ತು ಅಕ್ಕ. ಸಾರ್ ಬಿಟ್ಟೇ ಇಲ್ಲ ಅಂದ್ಮೇಲೆ ನಂಗೇ ತಲೆ ಕೆಟ್ಟಿದೆ ಅನ್ಕೊಂಡೆ.”

ಸ್ಟೇಟ್ ಮೀಟ್ ಎಂಬ ಆ ರಾಜ್ಯಮಟ್ಟದ ಸ್ಪರ್ಧೆಯನ್ನು ಬಿಟ್ಟೆವು. ನೆಲದ ಮೇಲೆ ಎಳೆದ ಗೆರೆಯಿಂದ ಮತ್ತೆ ಶುರು ಮಾಡಿದೆವು. ಅವಳು “ಬಿಡಿ” ಎನ್ನುವವರೆಗೆ ಕೈ ತೆಗೆಯುವಂತಿಲ್ಲ ಎಂಬ ನಿಯಮಕ್ಕೆ ದಿನೇಶ್ ಗೊಣಗಿಕೊಂಡೇ ಒಪ್ಪಿದರು. ಮಕ್ಕಳು ನೋವು ಎಂದರೆ ಎಲ್ಲಿ ಎಂದು ಕೇಳುವುದು ನನ್ನ ರೂಢಿಯಾಗಿತ್ತು. ಆ ನೋವು ಯಾರೆದುರು ಬರುತ್ತದೆ ಎಂದೂ ಕೇಳಬೇಕೆಂದು ಆ ಕೆಲಸ ಕಲಿಸಿತು.

ವಾರಗಟ್ಟಲೆ ಅವಳು ಆ ಮಾತು ಆಡಲಿಲ್ಲ. ಒಂದು ಸಂಜೆ, ತಗ್ಗಿನ ಬೀಮಿನ ಮೇಲೆ, ಸಣ್ಣ ದನಿಯಲ್ಲಿ “ಬಿಡಿ ಸಾರ್” ಎಂದಳು.

ಮರುದಿನ ತಾಯಿ ಬಾಗಿಲಲ್ಲೇ ನನ್ನನ್ನು ತಡೆದರು. “ರಾತ್ರಿಯೆಲ್ಲಾ ಮಲ್ಗಿದ್ಲು ಮೇಡಂ, ಒಂದ್ಸಲಾನೂ ಏಳ್ಲಿಲ್ಲ. ಉಸ್ರಾಡ್ತಾವ್ಳಾ ಅಂತ ನಾನೇ ಎರಡ್ ಸಲ ಎದ್ದು ನೋಡ್ದೆ.”