ಒಂದು ಕಿರೀಟದ ಅಳತೆ

ಸ್ವಾಮಿ, ನನ್ನ ತಲೆಗೆ ಸರಿಹೊಂದುವ ಹೆಲ್ಮೆಟ್ಟನ್ನು ಈ ಭೂಮಂಡಲದಲ್ಲಿ ಇನ್ನೂ ಯಾರೂ ತಯಾರಿಸಿಲ್ಲ. ಪೀಣ್ಯದ ನಮ್ಮ ಕಾರ್ಖಾನೆ ದಯಪಾಲಿಸಿದ ಹಳದಿ ಶಿರಸ್ತ್ರಾಣ ಹಣೆಯನ್ನು ದಾಟಿ ಕನ್ನಡಕದ ಮೇಲೆಯೇ ಆಸೀನವಾಗುತ್ತದೆ. ಉಗ್ರಾಣದ ಗುಮಾಸ್ತನಾದ ನಾನು ಮೊದಲೆಲ್ಲ ಅದರೊಳಗೆ ಚಿಂದಿಬಟ್ಟೆ ತುರುಕಿ, ಪಟ್ಟಾಭಿಷಿಕ್ತನ ಗಾಂಭೀರ್ಯದಿಂದ ಓಡಾಡುತ್ತಿದ್ದೆ. ತಲೆಯೊಳಗೆ ಸರಕು ಕಡಿಮೆ, ಅದಕ್ಕೇ ಹೊರಗಿನಿಂದ ತುಂಬಿಸುತ್ತಾನೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಮುಂದಿನದನ್ನು ಕೇಳಿದರೆ ನೀವೂ ಒಪ್ಪುತ್ತೀರಿ.

ಎಪ್ಪತ್ತರ ದಶಕದ ಕೊನೆಯ ಮಾತು, ಆಗಿ ಐದಾರು ವರ್ಷವಾಗಿರಬೇಕು. ರದ್ದಿ ಅಂಗಡಿಯಲ್ಲಿ ಸಿಕ್ಕ ವಿದೇಶಿ ಪತ್ರಿಕೆಯೊಂದರಲ್ಲಿ, ಹಿಂದೆ ಸ್ಪೇನಿನವರು ಆಳಿದ ಯಾವುದೋ ಬೆಟ್ಟದ ನಾಡಿನ ಮೇರಿಮಾತೆಯ ಚಿತ್ರವಿತ್ತು: ಗೋಪುರದಂತೆ ಹರಡಿದ ಉಡುಪು, ತುದಿಯಲ್ಲಿ ಪುಟ್ಟ ಮುಖ, ಮುಖಕ್ಕಿಂತ ದೊಡ್ಡದಾದ, ಪಚ್ಚೆಕಲ್ಲು ಕೆತ್ತಿದ ಚಿನ್ನದ ಕಿರೀಟ. ಆ ಕಲ್ಲುಗಳನ್ನು ಗಣಿಯಿಂದ ಅಗೆದವರ ಹೆಸರು ಎಲ್ಲಿಯೂ ಇರಲಿಲ್ಲ. ಸಾಂಕ್ರಾಮಿಕ ರೋಗದ ಹರಕೆಗೆಂದು ಊರು ಸಲ್ಲಿಸಿದ ಕಾಣಿಕೆ ಎಂಬಷ್ಟನ್ನು ಓದಿಕೊಂಡು, ವ್ಯಾಸಪೀಠವನ್ನೇರಿದವನಂತೆ, ಪ್ಲೇಟಿಂಗ್ ವಿಭಾಗದ ಚೌರಪ್ಪನಿಗೆ ವಿವರಿಸಿದೆ. ಅವನು ಜಾಲಹಳ್ಳಿ ಕಡೆಯ ಹಳೆಯ ಕ್ರೈಸ್ತ ಮನೆತನದವನು. ಅವನ ಏಳು ವರ್ಷದ ಮಗಳು ಲೂರ್ದುವಿನ ಹೃದಯದಲ್ಲಿ ತೂತಿತ್ತು, ಆಪರೇಷನ್ನಿಗೆ ಕಾಯುತ್ತಿದ್ದರು.

ಅವನು ಚಿತ್ರವನ್ನೇ ನೋಡುತ್ತ ಕೇಳಿದ: "ಕಿರೀಟ ಮೊದ್ಲು ಮಾಡಿದ್ರಾ ಸಾರ್, ಇಲ್ಲಾ ವಾಸಿಯಾದ್ಮೇಲಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. "ಮೊದ್ಲೇ ಕಣಯ್ಯಾ" ಎಂದುಬಿಟ್ಟೆ.

ಮಾರನೆಯ ದಿನದಿಂದಲೇ ಊಟದ ವಿರಾಮದಲ್ಲಿ ಚೌರಪ್ಪ ಹಿತ್ತಾಳೆ ತಗಡು ಕತ್ತರಿಸತೊಡಗಿದ. ಗುಜರಿಗೆ ಬಿದ್ದ ಯಂತ್ರಗಳ ಹಸಿರು ದೀಪದ ಗಾಜು ಒಡೆದು, ಉಜ್ಜಿ, ಪಚ್ಚೆ ಮಾಡಿದ. ತನ್ನೂರ ಚರ್ಚಿನ ಮೇರಿಮಾತೆಗೆ ಹರಕೆ ಹೊತ್ತಿದ್ದ. ಅಳತೆ ತೆಗೆದುಕೊಂಡೆಯಾ ಎಂದು ವಿಚಾರಿಸಿದೆ.

"ಅಮ್ಮನ್ ತಲೆಗೆ ದಾರ ಸುತ್ತೋಕೆ ಕೈ ಬರ್ಲಿಲ್ಲ ಸಾರ್. ನಮ್ ಲೂರ್ದು ತಲೆಗೇ ಸುತ್ತಿ ತಗೊಂಡೆ. ಎಲ್ಡೂ ಹೆಚ್ಚುಕಮ್ಮಿ ಒಂದೇ."

ಕಿರೀಟ ಮುಗಿದ ವಾರವೇ ಆಪರೇಷನ್ ಆಯಿತು. ಮಗು ಮತ್ತೆ ಕಣ್ಣು ಬಿಡಲಿಲ್ಲ.

ಚರ್ಚಿನಲ್ಲಿ ಪೆಟ್ಟಿಗೆ ಇಟ್ಟಿದ್ದರು. ಬಿಳಿ ಫ್ರಾಕು, ಎರಡು ಜಡೆ, ಜಡೆಗೆ ಶಾಲೆಯ ಬಿಳಿ ಟೇಪು. ಅವರ ಮನೆತನದಲ್ಲಿ ತೀರಿಕೊಂಡ ಹೆಣ್ಣುಮಗುವಿನ ತಲೆಗೆ ಹೂವಿನ ಕಿರೀಟ ಇಡುತ್ತಾರಂತೆ. ಚೌರಪ್ಪನ ಹೆಂಡತಿ ಹೂವನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಹಿತ್ತಾಳೆಯದನ್ನೇ ತೆಗೆದು ಇಟ್ಟಳು. ಒಂದಿಷ್ಟೂ ಅಲುಗದೆ ಕೂತಿತು. ಅಯ್ಯೋ, ಅಷ್ಟು ಸರಿಯಾದ ಅಳತೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ, ಕಾಣುವುದೂ ಬೇಡ.

ಮುಚ್ಚಳ ಹಾಕುವ ಮುನ್ನ ಚೌರಪ್ಪ ಅದನ್ನು ತೆಗೆದುಕೊಂಡ.

"ಇರ್ಲಿ ಬಿಡೋ, ಮಗೂಗೇ ಇರ್ಲಿ" ಎಂದೆ.

"ಅಮ್ಮಂಗೆ ಕೊಡ್ತೀನಿ ಅಂದಿದ್ದೆ ಸಾರ್" ಎಂದ.

ಸ್ಟೂಲು ಹತ್ತಿ ವಿಗ್ರಹದ ತಲೆಗೆ ಇಟ್ಟ. ಕಿರೀಟ ಜಾರಿ ಮಾತೆಯ ಕಣ್ಣು ಮುಚ್ಚಿತು. ಇಳಿದು ಬಂದ, ಮಗಳ ಒಂದು ಜಡೆಯ ಟೇಪು ಬಿಚ್ಚಿದ, ಕಿರೀಟದ ಒಳಸುತ್ತಿಗೆ ಸುತ್ತಿ ಮತ್ತೆ ಇಟ್ಟ. ಈ ಸಲ ನಿಂತಿತು.

ಮನೆಗೆ ಬಂದು ಪತ್ರಿಕೆಯನ್ನು ಕೊನೆಯವರೆಗೂ ಓದಿದೆ. ಆ ಕಿರೀಟವನ್ನು ಮಾಡಿಸಿದ್ದು ರೋಗ ತೊಲಗಿ ಎಷ್ಟೋ ವರ್ಷಗಳಾದ ಮೇಲೆ, ಬದುಕಿ ಉಳಿದವರು. ಚೌರಪ್ಪ ಈಗಲೂ ಪ್ಲೇಟಿಂಗ್ ವಿಭಾಗದಲ್ಲೇ ಇದ್ದಾನೆ, ದಿನವೂ ನನಗೆ ನಮಸ್ಕಾರ ಹೇಳುತ್ತಾನೆ. ಅವನಿಗೆ ನಿಜ ಹೇಳುವ ಧೈರ್ಯ ನನಗೆ ಬಂದಿಲ್ಲ. ನಾಚಿಕೆಯಾಗುತ್ತದೆ.

ಹೆಲ್ಮೆಟ್ಟು ಎಂದಿನಂತೆ ಕನ್ನಡಕದ ಮೇಲೆ ಜಾರುತ್ತದೆ. ಒಳಗೆ ಬಟ್ಟೆ ಸುತ್ತಲು ಕೈ ಬರುವುದಿಲ್ಲ.