ಹುಳದ ಮನೆಯಲ್ಲಿ ಆಡಿದ ಮಾತು

ಇದನ್ನು ಬರೆಯಲೆಂದು ಎಷ್ಟೋ ಸಲ ಕೂತು ಎದ್ದುಹೋಗಿದ್ದೇನೆ. ನಿನ್ನೆ ಸಂಜೆ ಮೊಮ್ಮಗಳು ಒಳಕೋಣೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳನ್ನು ಪಿಸುದನಿಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಎಲ್ಲಿಂದಲೋ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದಂತಾಯಿತು. ಈ ಸಲ ಏಳಲಿಲ್ಲ.

ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಯ ಅರ್ಧ ಭಾಗ ರೇಷ್ಮೆಹುಳಗಳದ್ದು. ಆ ಮನೆ ಈಗಿಲ್ಲ. ಕಿಟಕಿಗೆ ಗೋಣಿ ಕಟ್ಟಿದ ಕತ್ತಲ ಕೋಣೆ. ತಟ್ಟೆಗಳ ತುಂಬ ಹುಳಗಳು ಸೊಪ್ಪು ಮೇಯುವ ಸದ್ದು, ಯಾರೋ ಬಿಡುವಿಲ್ಲದೆ ಗುಟ್ಟು ಹೇಳುತ್ತಿರುವಂತೆ. ಹುಳಕ್ಕೆ ತಟ್ಟುತ್ತದೆಂದು ಅಲ್ಲಿ ಸಾವಿನ ಮಾತು ಆಡುವಂತಿರಲಿಲ್ಲ. ಸತ್ತ ಹುಳವನ್ನೂ ಅಜ್ಜಿ ‘ಮಲಗಿದೆ’ ಎಂದೇ ಹೇಳಿ ಎತ್ತಿಹಾಕುತ್ತಿದ್ದಳು. ಸೊಪ್ಪು ಹಾಕುವ ಕೆಲಸ ಅಪ್ಪನ ತಂಗಿ ರತ್ನತ್ತೆಯದು. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಇಂಗ್ಲಿಷ್ ಒಂದೇ ಹೋಗಿತ್ತು. ಮತ್ತೆ ಕಟ್ಟಿ ಪಾಸಾದರೆ ಟೀಚರ್ ಟ್ರೈನಿಂಗ್, ಇಲ್ಲದಿದ್ದರೆ ಮದುವೆ ಎಂದಿದ್ದರು ತಾತ. ಸೊಪ್ಪು ಹರಡುತ್ತಲೇ ಅವಳು ನುಡಿಗಟ್ಟು ಗುನುಗುತ್ತಿದ್ದಳು; ಹೈಸ್ಕೂಲಿನಲ್ಲಿದ್ದ ನಾನು ಬಾಗಿಲಲ್ಲಿ ಕೂತು ತಿದ್ದುತ್ತಿದ್ದೆ.

“ಗಿವ್ ಅಪ್ ದಿ ಗೋಸ್ಟ್ ಅಂದ್ರೆ ದೆವ್ವ ಬಿಡ್ಸೋದೇನೋ?”

“ಅಲ್ಲ ಅತ್ತೆ, ಪ್ರಾಣ ಬಿಡೋದು.”

“ಶ್, ಮೆಲ್ಲಗೆ ಕಣೋ! ಹುಳ ಕೇಳಿಸ್ಕೊಂಡಾವು. ಅದ್ಸರಿ, ಗೋಸ್ಟ್ ಸ್ಪೆಲಿಂಗಲ್ಲಿ ಎಚ್ ಯಾಕೆ? ಯಾರೂ ಹೇಳೋದೇ ಇಲ್ವಲ್ಲ.”

“ದೆವ್ವ ಅಲ್ವಾ, ಸದ್ದಿಲ್ದೆ ಕೂತಿರತ್ತೆ,” ಎಂದೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಪರೀಕ್ಷೆಗೆ ಅರ್ಜಿ ಕೊಡಲು ಅವಳು ಪೇಟೆಗೆ ಹೋದ ದಿನ ಸೊಪ್ಪು ಹಾಕುವುದು ನನ್ನ ಪಾಲಿಗೆ ಬಂತು. ಮಳೆಗೆ ನೆಂದ ಸೊಪ್ಪನ್ನು ಆರಿಸಿಯೇ ಹಾಕಬೇಕು, ಒದ್ದೆ ಸೊಪ್ಪು ತಿಂದರೆ ಹುಳ ಉಳಿಯುವುದಿಲ್ಲ. ಗೊತ್ತಿದ್ದೂ ಆಟದ ಆತುರಕ್ಕೆ ಹಾಗೇ ಸುರಿದುಬಿಟ್ಟೆ. ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಕೋಣೆಯ ಸದ್ದು ನಿಂತಿತ್ತು. ಆ ಮೌನ ಕೇಳಿಯೇ ಅಜ್ಜಿ ಎದ್ದು ಓಡಿಬಂದಳು, ಹಿಂದೆಯೇ ಅತ್ತೆ. ಹುಳಗಳು ಕಪ್ಪಗೆ, ಮೆತ್ತಗೆ, ತಟ್ಟೆಗಳ ಅಂಚಿಗೆ ಜೋತುಬಿದ್ದಿದ್ದವು.

“ಏಮಿರಾ,” ಎಂದು ತೆಲುಗಿನಲ್ಲಿ ಗದರುತ್ತ ಅಜ್ಜಿ ನನ್ನ ಕಡೆ ತಿರುಗಿದಳು. “ಇವ್ಳು ಹುಳದ ಮುಂದೆ ದಿನಾ ಏನೋ ಗೊಣಗ್ತಿದ್ಳಲ್ಲ, ಏನೋ ಅದು?”

“ಪ್ರಾಣ ಬಿಡೋದು ಅಂತ ಅಜ್ಜಿ,” ಎಂದೆ. ಒದ್ದೆ ಸೊಪ್ಪಿನ ಸುದ್ದಿ ಎತ್ತಲಿಲ್ಲ. ಅತ್ತೆ ನನ್ನನ್ನೇ ನೋಡಿದಳು. ಅವಳ ಇಂಗ್ಲಿಷ್ ಪುಸ್ತಕ ಒಲೆಗೆ ಹೋಯಿತು. ಇಲ್ಲಿಂದಾಚೆಗೆ ಅವಳ ಹೆಸರು ಬರೆಯಲು ನನಗೆ ಕೈ ಬರುವುದಿಲ್ಲ.

ಪರೀಕ್ಷೆಗೆ ಮೊದಲೇ ಅವಳನ್ನು ಅಂಬಾಜಿದುರ್ಗದ ಕಡೆ ಮದುವೆ ಮಾಡಿ ಕಳಿಸಿದರು. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದಳು, ಚೆನ್ನಾಗಿದ್ದೀಯೇನೋ ಎನ್ನುತ್ತಿದ್ದಳು. ಒದ್ದೆ ಸೊಪ್ಪಿನ ವಿಷಯ ಹೇಳಲು ಹೋಗಿ ಪ್ರತಿ ಸಲವೂ ಇವತ್ತು ಬೇಡ ಎಂದುಕೊಂಡೆ. ಹೋದ ವರ್ಷ ಅವಳ ತಿಥಿಗೆ ಹೋದಾಗ ಅವಳ ಸೊಸೆ ಬಡಿಸುತ್ತ ಹೇಳಿದಳು: “ನಮ್ಮತ್ತೆ ನನ್ನ ಮಕ್ಕಳಿಗೆ ಒಂದು ಜೋಗುಳಾನೂ ಹಾಡ್ಲಿಲ್ಲ ಅಣ್ಣಾ. ಮಗೂಗೆ ಹುಷಾರಿಲ್ಲ ಅಂದ್ರೆ ಹತ್ರಾನೇ ಬರ್ತಿರ್ಲಿಲ್ಲ. ‘ನನ್ನ ಬಾಯಿ ಒಳ್ಳೇದಲ್ಲ ಕಣಮ್ಮ’ ಅನ್ನೋರು. ಯಾಕಂತ ನಿಮಗೇನಾದ್ರೂ ಗೊತ್ತಾ?”

ಅನ್ನ ಕಲಸುತ್ತ, ಗೊತ್ತಿಲ್ಲಮ್ಮ ಎಂದೆ.